ನಿಮಗಿದು ಗೊತ್ತೇ? ವೈಟ್‌ಫೀಲ್ಡ್‌ನ ಟ್ರಂಕಿನೊಳಗೊಂದು ಸ್ಕಾಟ್ಲೆಂಡ್!

ವೈಟ್‌ಫೀಲ್ಡ್ ಅಂದರೆ ‘ಬಿಳಿ ಹೊಲ’ ಅಂದುಕೊಂಡಿದ್ದೀರಾ? ಅಲ್ಲ! ಅದು ಒಬ್ಬ ಮನುಷ್ಯನ ಹೆಸರು. ಡಿ.ಎಸ್. ವೈಟ್ ಎಂಬವರು ಮೈಸೂರು ಮತ್ತು ಕೊಡಗಿನ ಯುರೇಷಿಯನ್ ಹಾಗೂ ಆಂಗ್ಲೋ ಇಂಡಿಯನ್ ಸಂಘ ಕಟ್ಟಿದವರಲ್ಲಿ ಒಬ್ಬರು. 1882ರಲ್ಲಿ ಚಾಮರಾಜೇಂದ್ರ ಒಡೆಯರು ಆ ಸಂಘಕ್ಕೆ 3,900 ಎಕರೆ ಕೊಟ್ಟರು. ಬೇಸಾಯ ಮಾಡಿ ಬದುಕಿಕೊಳ್ಳಿ ಎಂದು! ಇವತ್ತು ಅಲ್ಲಿ 30×40 ಸೈಟಿನ ರೇಟು ಕೇಳಿದರೆ ಎದೆ ಹಿಡಿದುಕೊಳ್ಳುತ್ತೇವೆ.

ಮಹಾರಾಜರಿಗೆ ಬ್ರಿಟಿಷರು ರಾಜ್ಯ ವಾಪಸು ಕೊಟ್ಟಿದ್ದು 1881ರಲ್ಲಿ. ಮರುವರ್ಷವೇ ಈ ದಾನ!

ಊರಿನ ನಕ್ಷೆಯನ್ನೂ ನೋಡಿ. ನಮ್ಮ ಹಳ್ಳಿಗಳಂತೆ ಕೇರಿ, ಓಣಿ, ಅರಳಿಕಟ್ಟೆ ಇಲ್ಲ. ನಡುವೆ ಬಯಲು, ಸುತ್ತ ಒಂದು ವೃತ್ತ, ಅದರಾಚೆ ಇನ್ನೊಂದು. ಇನ್ನರ್ ಸರ್ಕಲ್, ಔಟರ್ ಸರ್ಕಲ್ ಎಂದು ಇಂದಿಗೂ ಕರೆಯುತ್ತಾರೆ. ಆಟೋದವರಿಗೆ ಹೇಳಿ, ಕರೆದುಕೊಂಡು ಹೋಗುತ್ತಾರೆ!

ಆ ವೃತ್ತದ ಹೆಂಚಿನ ಮನೆಗಳಲ್ಲಿ ಇದ್ದವರು ಯಾರು? ತಂದೆಯ ಕಡೆಯಿಂದ ಇಂಗ್ಲಿಷರು, ಐರಿಷರು, ಪೋರ್ಚುಗೀಸರು, ಡಚ್ಚರು. ಜೊತೆಗೆ ಸ್ಕಾಟರು! ಸ್ಕಾಟ್ಲೆಂಡ್ ಎಂಬ ಆ ಪುಟ್ಟ ದೇಶದ ಗುರುತು ಈ ಮನೆಗಳ ಟ್ರಂಕು, ಬೀರುಗಳಲ್ಲಿ ಹೇಗೆ ಅಡಗಿ ಕೂತಿದೆ, ಅದನ್ನು ಹಿಡಿದು ಮುತ್ತಜ್ಜನ ಮುತ್ತಜ್ಜನನ್ನು ಹೇಗೆ ಪತ್ತೆ ಮಾಡುತ್ತಾರೆ ಎಂಬುದೇ ಈ ಸಲದ ಮಜಾ.

ಪುಟ್ಟ ದೇಶ ಅಂದೆನಲ್ಲ, ಎಷ್ಟು ಪುಟ್ಟದು ಗೊತ್ತೇ? ಇಡೀ ಸ್ಕಾಟ್ಲೆಂಡಿನ ಜನಸಂಖ್ಯೆ ಸುಮಾರು 54 ಲಕ್ಷ. ಬೆಂಗಳೂರು ನಗರದ್ದು 2011ರ ಜನಗಣತಿಯಲ್ಲೇ 84 ಲಕ್ಷ! ನಮ್ಮ ಊರೊಳಗೆ ಅವರ ದೇಶ ಪೂರ್ತಿ ಹಿಡಿಸುತ್ತದೆ. ಟ್ರಾಫಿಕ್ ಮಾತ್ರ ಕೇಳಬೇಡಿ.

ವೈಟ್‌ಫೀಲ್ಡ್‌ನಲ್ಲಿ ವೇವರ್ಲಿ ಇನ್ ಅಂತ ಒಂದು ಹಳೇ ತಂಗುಮನೆ ಇತ್ತು. ನಡೆಸುತ್ತಿದ್ದವರು ಹ್ಯಾಮಿಲ್ಟನ್ ಎಂಬವರು. ಮಾಲೀಕರ ಮಗಳನ್ನು ನೋಡಲು ಬೆಂಗಳೂರು ದಂಡಿನಿಂದ ಒಬ್ಬ ತರುಣ ಅಧಿಕಾರಿ ಇಲ್ಲಿಯತನಕ ಬರುತ್ತಿದ್ದನಂತೆ. ಊರಿನವರು ತಲೆಮಾರಿನಿಂದ ಹೇಳಿಕೊಂಡು ಬಂದ ಕಥೆ ಇದು. ಆ ತರುಣನ ಹೆಸರು? ವಿನ್‌ಸ್ಟನ್ ಚರ್ಚಿಲ್! ಕಥೆ ನಿಜವೋ ಸುಳ್ಳೋ, 1896ರಲ್ಲಿ ಅವನು ಬೆಂಗಳೂರಿಗೆ ಬಂದದ್ದಂತೂ ನಿಜ. ಬೆಂಗಳೂರು ಕ್ಲಬ್ಬಿಗೆ 13 ರೂಪಾಯಿ ಬಾಕಿ ಉಳಿಸಿ ಹೋದದ್ದೂ ನಿಜ!

ಇದೇ ಚರ್ಚಿಲ್ ಮುಂದೆ ಸ್ಕಾಟ್ಲೆಂಡಿನ ಡಂಡಿ ಪಟ್ಟಣದಿಂದ ಗೆದ್ದು 14 ವರ್ಷ ಸಂಸದನಾಗಿದ್ದ. 1916ರಲ್ಲಿ ಯುದ್ಧಭೂಮಿಯಲ್ಲಿ ಸ್ಕಾಟ್ ಸೈನಿಕರ ಒಂದು ಪಡೆಗೇ ನಾಯಕನಾದ. ಸ್ಕಾಟರ ಸಹವಾಸ ವೈಟ್‌ಫೀಲ್ಡ್‌ಗೆ ಮುಗಿಯಲಿಲ್ಲ ನೋಡಿ!

ಇನ್ನು ಆ ತಂಗುಮನೆಯ, ಅದರ ಮಾಲೀಕರ ಹೆಸರುಗಳನ್ನೇ ಬಿಡಿಸೋಣ. ಹ್ಯಾಮಿಲ್ಟನ್ ಎಂಬುದು ಸ್ಕಾಟ್ಲೆಂಡಿನ ಒಂದು ಊರು. ವೇವರ್ಲಿ ಎಂಬುದು ಸ್ಕಾಟ್ ಕಾದಂಬರಿಕಾರ ವಾಲ್ಟರ್ ಸ್ಕಾಟ್ 1814ರಲ್ಲಿ ಬರೆದ ಕಾದಂಬರಿಯ ಹೆಸರು. ಎಡಿನ್‌ಬರೋ ನಗರದ ದೊಡ್ಡ ರೈಲು ನಿಲ್ದಾಣಕ್ಕೂ ಅದೇ ಹೆಸರು. ಕಾದಂಬರಿಯ ಹೆಸರಿನ ರೈಲು ನಿಲ್ದಾಣ!

ತಡೆಯಿರಿ, ಇನ್ನೂ ಇದೆ. ಅದೇ ವಾಲ್ಟರ್ ಸ್ಕಾಟ್ 1827ರಲ್ಲಿ ‘ದ ಸರ್ಜನ್ಸ್ ಡಾಟರ್’ ಎಂಬ ಕಥೆ ಬರೆದ. ಅದರಲ್ಲಿ ಹೈದರಾಲಿ ಇದ್ದಾನೆ, ಟಿಪ್ಪು ಇದ್ದಾನೆ, ನಮ್ಮ ಬೆಂಗಳೂರೂ ಇದೆ! ಲೇಖಕ ಮಾತ್ರ ಜೀವಮಾನದಲ್ಲಿ ಭಾರತಕ್ಕೆ ಕಾಲಿಟ್ಟವನಲ್ಲ. ಬಂದದ್ದು ಅವನ ಮಗ! ಹದಿನೈದನೇ ಹುಸಾರ್ಸ್ ಎಂಬ ಕುದುರೆಪಡೆಯ ಅಧಿಕಾರಿಯಾಗಿ ಬೆಂಗಳೂರಿನ ದಂಡಿನಲ್ಲಿದ್ದ. ಕಾಯಿಲೆ ಬಿದ್ದು ಊರಿಗೆ ಹೊರಟವನು 1847ರಲ್ಲಿ ಹಡಗಿನಲ್ಲೇ ತೀರಿಕೊಂಡ. ಅಪ್ಪ ಬರೆದ ಊರಿಗೆ ಮಗ ಬಂದ!

ಈಗ ಹೆಸರಿನ ವಿಷಯಕ್ಕೆ ಬನ್ನಿ. ಮುತ್ತಜ್ಜನನ್ನು ಹುಡುಕುವವರ ಮೊದಲ ಆಯುಧ ಅದೇ.

ಮೆಕೆಂಜಿ, ಮ್ಯಾಕ್‌ಡೊನಾಲ್ಡ್, ಮ್ಯಾಕ್‌ಲಿಯಡ್. ಈ ‘ಮ್ಯಾಕ್’ ಎಂದರೇನು ಗೊತ್ತೇ? ಸ್ಕಾಟ್ಲೆಂಡಿನ ಗೇಲಿಕ್ ನುಡಿಯಲ್ಲಿ ‘ಮಗ’ ಎಂದು! ಮ್ಯಾಕ್‌ಡೊನಾಲ್ಡ್ ಎಂದರೆ ಡೊನಾಲ್ಡನ ಮಗ. ಮ್ಯಾಕ್, ಮಗ. ಕಿವಿಗೆ ಎಷ್ಟು ಹತ್ತಿರ ಕೇಳಿಸುತ್ತದೆ! ನಂಟೇನೂ ಇಲ್ಲ, ಬರೀ ಕಾಕತಾಳೀಯ. ಆದರೂ ಹೇಳದೆ ಇರಲು ಮನಸ್ಸು ಬರಲಿಲ್ಲ.

ಇದಕ್ಕಿಂತ ಸೋಜಿಗ ಇನ್ನೊಂದಿದೆ. ನಮ್ಮಲ್ಲಿ ಮೊದಲ ಗಂಡುಮಗುವಿಗೆ ತಾತನ ಹೆಸರಿಡುತ್ತೇವಲ್ಲ, ಹಳೇ ಸ್ಕಾಟ್ ಮನೆಗಳಲ್ಲೂ ಅದೇ ಪದ್ಧತಿ! ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರು. ಎರಡನೆಯವನಿಗೆ ಅಮ್ಮನ ಅಪ್ಪನದು. ಮೊದಲ ಮಗಳಿಗೆ ಅಮ್ಮನ ಅಮ್ಮನ ಹೆಸರು, ಎರಡನೆಯವಳಿಗೆ ಅಪ್ಪನ ಅಮ್ಮನದು. ಮೂರನೇ ಮಗನಿಗೆ ಮಾತ್ರ ಸ್ವಂತ ಅಪ್ಪನ ಹೆಸರು. ಹಾಗಾಗಿ ಅಣ್ಣತಮ್ಮಂದಿರ, ಅಕ್ಕತಂಗಿಯರ ಹೆಸರು ಹುಟ್ಟಿದ ಸಾಲಿನಂತೆ ಬರೆದುಕೊಂಡರೆ ಸಾಕು, ಅಜ್ಜ ಅಜ್ಜಿಯರು ಯಾರಿರಬಹುದೆಂಬ ಸುಳಿವು ತಾನಾಗಿ ಸಿಗುತ್ತದೆ! ಎಲ್ಲರೂ ಚಾಚೂ ತಪ್ಪದೆ ಪಾಲಿಸಿದರು ಅಂತಲ್ಲ. ಆದರೆ ದಾಖಲೆ ಕಳೆದುಹೋದಾಗ ಈ ಸುಳಿವೇ ದೀಪ.

ಈ ಪದ್ಧತಿಯಿಂದ ಆಗುವ ಫಜೀತಿಯೂ ಕಡಿಮೆಯಲ್ಲ. ನಾಲ್ಕು ಅಣ್ಣತಮ್ಮಂದಿರು ಇದ್ದರೆನ್ನಿ, ನಾಲ್ವರ ಮೊದಲ ಗಂಡುಮಕ್ಕಳಿಗೂ ಒಂದೇ ಹೆಸರು! ಊರಲ್ಲಿ ನಾಲ್ಕು ಜಾನ್ ಕ್ಯಾಂಪ್‌ಬೆಲ್. ನಮ್ಮ ಹಳ್ಳಿಯ ದೊಡ್ಡ ರಂಗಪ್ಪ, ಸಣ್ಣ ರಂಗಪ್ಪ, ಕೆಂಚ ರಂಗಪ್ಪನ ಹಾಗೆ!

ಬೆಂಗಳೂರಿನ ಹೆಸರು ಹಿಡಿದು ಹೊರಟರೂ ಎಲ್ಲೆಲ್ಲೋ ಹೋಗಿ ಸೇರುತ್ತೀರಿ. ಕನ್ನಿಂಗ್‌ಹ್ಯಾಂ ರಸ್ತೆ ಗೊತ್ತಲ್ಲ? ಆ ಫ್ರಾನ್ಸಿಸ್ ಕನ್ನಿಂಗ್‌ಹ್ಯಾಂ ಮೈಸೂರು ಆಡಳಿತದಲ್ಲಿದ್ದವನು. ಅವನಪ್ಪ ಆಲನ್ ಕನ್ನಿಂಗ್‌ಹ್ಯಾಂ ಸ್ಕಾಟ್ಲೆಂಡಿನ ಕವಿ. ಅಣ್ಣ ಅಲೆಕ್ಸಾಂಡರ್ ಭಾರತದ ಪುರಾತತ್ತ್ವ ಇಲಾಖೆಗೆ ಅಡಿಪಾಯ ಹಾಕಿದವನು. ಒಂದು ರಸ್ತೆಯ ಫಲಕದ ಹಿಂದೆ ಇಡೀ ಮನೆತನ!

ಹಾಗಂತ ಎಲ್ಲ ಇಂಗ್ಲಿಷ್ ಹೆಸರನ್ನೂ ಸ್ಕಾಟ್ಲೆಂಡಿಗೆ ಬರೆದುಕೊಡಬೇಡಿ. ಕಬ್ಬನ್ ಪಾರ್ಕಿನ ಮಾರ್ಕ್ ಕಬ್ಬನ್ ಸ್ಕಾಟನೂ ಅಲ್ಲ, ಇಂಗ್ಲಿಷನೂ ಅಲ್ಲ. ಐಲ್ ಆಫ್ ಮ್ಯಾನ್ ಎಂಬ ಬೇರೆಯೇ ದ್ವೀಪದವನು! ಲ್ಯಾವೆಲ್ ರಸ್ತೆಯ ಲ್ಯಾವೆಲ್ ಐರ್ಲೆಂಡಿನವನು.

ಬಿನ್ನಿಪೇಟೆ? ಹಾಂ, ಅದು ಸ್ಕಾಟ್! ಜಾನ್ ಬಿನ್ನಿ ಎಂಬ ಸ್ಕಾಟ್ ವರ್ತಕನ ಹೆಸರಲ್ಲಿ ಮದ್ರಾಸಿನಲ್ಲಿ ಬೆಳೆದ ಕಂಪನಿ ಅದು. 1884ರಲ್ಲಿ ಶುರುವಾದ ಬೆಂಗಳೂರಿನ ಉಣ್ಣೆ, ಹತ್ತಿ, ರೇಷ್ಮೆ ಗಿರಣಿ ಆ ಕಂಪನಿಯ ಕೈಗೆ ಹೋಗಿ ಜನರ ಬಾಯಲ್ಲಿ ಬಿನ್ನಿ ಮಿಲ್ ಆಯಿತು. ಪೇಟೆಗೂ ಅದೇ ಹೆಸರು ಅಂಟಿತು!

ಬಿನ್ನಿ ಎಂದ ಕೂಡಲೇ ಕ್ರಿಕೆಟ್ ನೆನಪಾಯಿತೇ? 1983ರ ವಿಶ್ವಕಪ್ಪಿನಲ್ಲಿ 18 ವಿಕೆಟ್ ಕಿತ್ತು ಎಲ್ಲರಿಗಿಂತ ಮೇಲೆ ನಿಂತವರು ನಮ್ಮ ಬೆಂಗಳೂರಿನ ರೋಜರ್ ಬಿನ್ನಿ. ಭಾರತಕ್ಕೆ ಆಡಿದ ಮೊದಲ ಆಂಗ್ಲೋ ಇಂಡಿಯನ್. ಅವರ ಮನೆತನದ ಮೂಲವೂ ಸ್ಕಾಟ್ಲೆಂಡ್! ಮಗನ ಹೆಸರು ಸ್ಟುವರ್ಟ್. ಸ್ಕಾಟ್ಲೆಂಡನ್ನು ಆಳಿದ ರಾಜವಂಶದ ಹೆಸರೂ ಸ್ಟುವರ್ಟ್! ಆ ಸ್ಟುವರ್ಟ್ ಬಿನ್ನಿ 2014ರಲ್ಲಿ ಬಾಂಗ್ಲಾದೇಶದ ಮೇಲೆ ಬರೀ 4 ರನ್ ಕೊಟ್ಟು 6 ವಿಕೆಟ್ ತೆಗೆದರು. ಹಾಗೆಂದು ಮಿಲ್ಲಿನ ಬಿನ್ನಿಗೂ ಕ್ರಿಕೆಟ್ ಬಿನ್ನಿಗೂ ನಂಟು ಹಚ್ಚಲು ಹೋಗಬೇಡಿ. ಒಂದೇ ಹೆಸರು ಅಂದರೆ ಒಂದೇ ಬೇರು ಅಂತಲ್ಲ. ವಂಶ ಹುಡುಕುವವರು ಮುಗ್ಗರಿಸುವುದೇ ಇಲ್ಲಿ!

ಸರಿ, ಈಗ ಟ್ರಂಕು ತೆಗೆಯೋಣ.

ಮೊದಲು ಚಮಚ. ನನ್ನದೇ ಕಥೆ ಹೇಳುತ್ತೇನೆ, ನಗಬೇಡಿ. ಒಂದು ಭಾನುವಾರ ಹಳೇ ಸಾಮಾನಿನ ಸಂತೆಯಲ್ಲಿ ಕಪ್ಪುಗಟ್ಟಿದ ಒಂದು ಚಮಚ ಕಂಡಿತು. ಹಿಡಿಯ ಹಿಂದೆ ಸಾಲಾಗಿ ಪುಟ್ಟ ಪುಟ್ಟ ಮುದ್ರೆಗಳು. ಅಕ್ಷರಗಳು! ಬೆಳ್ಳಿ, ಅದೂ ಸ್ಕಾಟ್ ಬೆಳ್ಳಿ ಅಂದುಕೊಂಡು ಚೌಕಾಸಿಯನ್ನೂ ಮಾಡದೆ ಕೊಂಡೆ. ಮನೆಗೆ ಬಂದು ಹುಣಸೆಹಣ್ಣು ಹಾಕಿ ತಿಕ್ಕಿ, ಭೂತಗನ್ನಡಿ ಹಿಡಿದು ಓದಿದರೆ ಇ, ಪಿ, ಎನ್, ಎಸ್! ಅಂದರೆ ಬೆಳ್ಳಿಯ ನೀರು ಕುಡಿಸಿದ, ನಿಕಲ್ ಬೆರೆತ ಲೋಹ. ಬೆಳ್ಳಿಯಂಗಡಿಯವರು ಚಮಚ ಮುಟ್ಟಿಯೂ ನೋಡಲಿಲ್ಲ. ಈಗ ಅದು ನಮ್ಮ ಉಪ್ಪಿನಕಾಯಿ ಜಾಡಿಯಲ್ಲಿದೆ.

ನಿಜವಾದ ಸ್ಕಾಟ್ ಬೆಳ್ಳಿಯ ಗುರುತು ಏನು ಗೊತ್ತೇ? ಎಡಿನ್‌ಬರೋದ್ದಾದರೆ ಮೂರು ಗೋಪುರದ ಕೋಟೆಯ ಮುದ್ರೆ. 1759ರಿಂದ 1975ರ ನಡುವಿನದಾದರೆ ಜೊತೆಗೆ ಥಿಸಲ್ ಎಂಬ ಮುಳ್ಳುಗಿಡದ ಹೂವು. ಗ್ಲಾಸ್ಗೋದ್ದಾದರೆ ಮರ, ಹಕ್ಕಿ, ಮೀನು, ಗಂಟೆ, ನಾಲ್ಕೂ ಒಂದೇ ಮುದ್ರೆಯಲ್ಲಿ! ಪಕ್ಕದಲ್ಲಿ ಒಂದು ಅಕ್ಷರ ಇರುತ್ತದೆ. ಅದು ವರ್ಷದ ಗುರುತು. ಒಂದು ಚಮಚ ಹುಟ್ಟಿದ ಊರನ್ನೂ ಹೇಳುತ್ತದೆ, ಹುಟ್ಟಿದ ವರ್ಷವನ್ನೂ ಹೇಳುತ್ತದೆ! ನಮ್ಮಲ್ಲಿ ಎಷ್ಟೋ ಜನ ಅಜ್ಜಂದಿರಿಗೇ ಹುಟ್ಟಿದ ವರ್ಷ ಗೊತ್ತಿರಲಿಲ್ಲ.

ಮುಳ್ಳುಗಿಡದ ಹೂವನ್ನು ದೇಶದ ಲಾಂಛನ ಮಾಡಿಕೊಂಡವರು ಸ್ಕಾಟರು. ತಾವರೆಯಲ್ಲ, ಗುಲಾಬಿಯಲ್ಲ, ಮುಳ್ಳು! ಹಳೇ ಬಟನ್ನು, ಬಿಲ್ಲೆ, ಬೆಲ್ಟಿನ ಬಕಲ್ಲಿನ ಮೇಲೆ ಆ ಹೂವು ಕಂಡರೆ ಸುಮ್ಮನೆ ಎಸೆಯಬೇಡಿ.

ಪದಕ ಸಿಕ್ಕಿತೇ? ಮುಖ ನೋಡಬೇಡಿ, ಅಂಚು ನೋಡಿ! ಬ್ರಿಟಿಷ್ ಸೇನೆಯ ಬಹಳಷ್ಟು ಯುದ್ಧಪದಕಗಳ ಅಂಚಿನ ಸುತ್ತ ಸಿಪಾಯಿಯ ನಂಬರು, ಹೆಸರು, ಪಡೆಯ ಹೆಸರು ಕೆತ್ತಿರುತ್ತಾರೆ. ಬೆಳಕಿಗೆ ಓರೆಯಾಗಿ ಹಿಡಿದು ನಿಧಾನಕ್ಕೆ ತಿರುಗಿಸಿದರೆ ಒಂದೊಂದೇ ಅಕ್ಷರ ಎದ್ದು ಬರುತ್ತದೆ. ಪಾಲಿಶ್ ಹಾಕಿ ಹಾಕಿ ಸವೆಸಿದ ಮನೆಯವರು ಅಜ್ಜನ ವಿಳಾಸವನ್ನೇ ಉಜ್ಜಿ ಹಾಕಿದ್ದಾರೆ!

ಒಂದು ಪದಕ ಮಾತ್ರ ಮೊಂಡು. 1799ರ ಶ್ರೀರಂಗಪಟ್ಟಣದ ಯುದ್ಧಕ್ಕೆ ಈಸ್ಟ್ ಇಂಡಿಯಾ ಕಂಪನಿ ಕೊಟ್ಟದ್ದು. ಒಂದು ಮೈಯಲ್ಲಿ ಸಿಂಹ ಹುಲಿಯನ್ನು ನೆಲಕ್ಕೆ ಒತ್ತಿ ಹಿಡಿದ ಚಿತ್ರ. ಹುಲಿ ಯಾರೆಂದು ಹೇಳಬೇಕಾಗಿಲ್ಲ. ಆದರೆ ಅದನ್ನು ಕೊಟ್ಟಾಗ ಯಾರ ಹೆಸರನ್ನೂ ಕೆತ್ತಿರಲಿಲ್ಲ! ಅದು ಅಚ್ಚಾದದ್ದು ಮ್ಯಾಥ್ಯೂ ಬೋಲ್ಟನ್ನನ ಟಂಕಸಾಲೆಯಲ್ಲಿ. ಈ ಬೋಲ್ಟನ್ ಯಾರು ಗೊತ್ತೇ? ಉಗಿಯಂತ್ರದ ಜೇಮ್ಸ್ ವಾಟ್‌ನ ಪಾಲುದಾರ!

ಜೇಮ್ಸ್ ವಾಟ್ ಕೂಡ ಸ್ಕಾಟ್ ಕಣ್ರೀ! ಹಾರ್ಸ್ ಪವರ್ ಎಂಬ ಲೆಕ್ಕ ಚಾಲ್ತಿಗೆ ತಂದವನು. ಪೀಣ್ಯದ ಯಾವ ವರ್ಕ್‌ಶಾಪಿಗೆ ಬೇಕಾದರೂ ಹೋಗಿ, ಮೋಟರಿಗೆ ಹೊಡೆದ ತಗಡು ನೋಡಿ. ಎಚ್‌ಪಿ ಎಂದು ಬರೆದಿದ್ದರೆ ಅವನ ಲೆಕ್ಕ, ಕಿಲೋವಾಟ್ ಎಂದಿದ್ದರೆ ಅವನ ಹೆಸರು. ವೈಟ್‌ಫೀಲ್ಡ್‌ಗೆ ಮಾತ್ರವಲ್ಲ, ಪೀಣ್ಯಕ್ಕೂ ಒಬ್ಬ ಸ್ಕಾಟ್ ಅಜ್ಜ ಇದ್ದಾನೆ!

ಮನೆಯ ಬೈಬಲ್ ಇನ್ನೊಂದು ಖಜಾನೆ. ಅದರ ಖಾಲಿ ಹಾಳೆಗಳಲ್ಲಿ ಹುಟ್ಟು, ಮದುವೆ, ಸಾವು ಬರೆದಿಡುತ್ತಿದ್ದರು. ನಮ್ಮ ಪಂಚಾಂಗದ ಅಂಚಿನಲ್ಲಿ ಮಗು ಹುಟ್ಟಿದ ಗಳಿಗೆ ಗೀಚಿಡುವ ಹಾಗೆ. ಆದರೆ ಇಲ್ಲೊಂದು ಪತ್ತೇದಾರಿ ಕೆಲಸ ಇದೆ. ಮೊದಲು ಬೈಬಲ್ ಅಚ್ಚಾದ ವರ್ಷ ನೋಡಿ. ಪುಸ್ತಕ 1870ರದ್ದು, ಬರೆದಿರುವ ಹುಟ್ಟು 1830ರದ್ದು ಆದರೆ? ಯಾರೋ ನೆನಪಿನಿಂದ ಬರೆದದ್ದು! ಎಲ್ಲ ಸಾಲೂ ಒಂದೇ ಶಾಯಿ, ಒಂದೇ ಕೈಬರಹ ಆಗಿದ್ದರೆ ಇನ್ನೂ ಅನುಮಾನ ಪಡಿ. ಅಜ್ಜಿಯ ನೆನಪು ಚೆನ್ನಾಗಿತ್ತೋ ಇಲ್ಲವೋ ಅಲ್ಲಿಗೆ ಗೊತ್ತಾಗುತ್ತದೆ.

ಹಳೇ ಕಾಗದ ಸಿಕ್ಕಿ, ಬರಹದ ಮೇಲೆ ಅಡ್ಡಡ್ಡ ಬರಹ ಇದೆಯೇ? ಮಕ್ಕಳು ಗೀಚಿದ್ದಲ್ಲ! ಅಂಚೆ ದುಬಾರಿಯಿದ್ದ ಕಾಲದಲ್ಲಿ ಹಾಳೆ ತುಂಬಿದ ಮೇಲೆ ಅದನ್ನೇ ತಿರುಗಿಸಿ ಅಡ್ಡಕ್ಕೆ ಬರೆಯುತ್ತಿದ್ದರು. ಒಂದು ಹಾಳೆಯ ದುಡ್ಡಿಗೆ ಎರಡು ಹಾಳೆಯ ಸುದ್ದಿ!

ಹುಡುಗಿಯರು ಹೊಲಿಗೆ ಕಲಿಯುವಾಗ ಬಟ್ಟೆಯ ಮೇಲೆ ಅಕ್ಷರ, ಮನೆ, ಗಿಡ ಕಸೂತಿ ಹಾಕುತ್ತಿದ್ದರು. ಎಲ್ಲ ದೇಶದಲ್ಲೂ ಇತ್ತು. ಸ್ಕಾಟ್ ಹುಡುಗಿಯರ ಕಸೂತಿಯಲ್ಲಿ ಮಾತ್ರ ಒಂದು ವಿಶೇಷ. ಅಪ್ಪ, ಅಮ್ಮ, ಅಣ್ಣತಮ್ಮ, ಅಕ್ಕತಂಗಿ ಎಲ್ಲರ ಇನಿಶಿಯಲ್ಲುಗಳನ್ನೂ ಸಾಲಾಗಿ ಹೊಲಿಯುತ್ತಿದ್ದರು! ಹತ್ತು ವರ್ಷದ ಹುಡುಗಿ ಸೂಜಿದಾರದಲ್ಲಿ ಬರೆದ ರೇಷನ್ ಕಾರ್ಡು.

ಲಕನ್‌ಬೂತ್ ಎಂಬ ಪಿನ್ನು ಕಂಡಿದ್ದೀರಾ? ಹೃದಯದ ಆಕಾರ, ಮೇಲೊಂದು ಕಿರೀಟ, ಪುಟ್ಟ ಬೆಳ್ಳಿಯ ತುಂಡು. ಎಡಿನ್‌ಬರೋದ ದೊಡ್ಡ ಚರ್ಚಿನ ಪಕ್ಕ ಬೀಗ ಹಾಕಿಕೊಳ್ಳುವ ಪೆಟ್ಟಿಗೆ ಅಂಗಡಿಗಳಿದ್ದವು. ಅಲ್ಲಿ ಮಾರುತ್ತಿದ್ದುದರಿಂದ ಆ ಹೆಸರು. ಹುಡುಗ ಹುಡುಗಿಗೆ ಕೊಡುತ್ತಿದ್ದ. ಮದುವೆಯಾಗಿ ಮಗು ಹುಟ್ಟಿದ ಮೇಲೆ ಅದೇ ಪಿನ್ನು ಮಗುವಿನ ಶಾಲಿಗೆ! ಯಾಕೆ ಗೊತ್ತೇ? ಕೆಟ್ಟ ಕಣ್ಣು ತಾಕದಿರಲಿ ಎಂದು! ನಾವು ಕೆನ್ನೆಗೆ ಕಾಡಿಗೆ ಬೊಟ್ಟು ಇಡುತ್ತೇವೆ, ಅವರು ಬೆಳ್ಳಿ ಪಿನ್ನು ಚುಚ್ಚಿದರು. ದೃಷ್ಟಿಗೆ ದೇಶಭಾಷೆ ಇಲ್ಲ ಬಿಡಿ.

ಚೌಕಳಿ ಬಟ್ಟೆಯ ತುಂಡು ಸಿಕ್ಕಿದರೆ ಮಾತ್ರ ಕುಣಿದಾಡಬೇಡಿ. ಇಂಥ ಕುಲಕ್ಕೆ ಇಂಥದೇ ಚೌಕಳಿ ಎಂಬ ಕಟ್ಟುಪಾಡು ಬಹುಪಾಲು ಗಟ್ಟಿಯಾದದ್ದು 19ನೇ ಶತಮಾನದಲ್ಲಿ. 1822ರಲ್ಲಿ ಬ್ರಿಟನ್ನಿನ ರಾಜ ಎಡಿನ್‌ಬರೋಗೆ ಬಂದಾಗ ಎಲ್ಲರೂ ಚೌಕಳಿ ತೊಟ್ಟು ಮೆರೆದರು. ಆ ಮೆರವಣಿಗೆಯ ಸೂತ್ರಧಾರ ಯಾರು? ಮತ್ತೆ ಅವನೇ, ವಾಲ್ಟರ್ ಸ್ಕಾಟ್!

ಇಷ್ಟು ಹೊತ್ತು ಅವರ ಸಾಮಾನು ನಮ್ಮಲ್ಲಿ ಹುಡುಕಿದೆವು. ನಮ್ಮ ಸಾಮಾನು ಅವರಲ್ಲಿಲ್ಲವೇ? ಅಯ್ಯೋ, ಬೇಕಾದಷ್ಟು!

ಡೇವಿಡ್ ಬೇರ್ಡ್ ಎಂಬ ಸ್ಕಾಟ್ ಅಧಿಕಾರಿ 1780ರಲ್ಲಿ ಹೈದರಾಲಿಯ ಕೈಗೆ ಸಿಕ್ಕಿಬಿದ್ದ. ಮೂರೂವರೆ ವರ್ಷ ಶ್ರೀರಂಗಪಟ್ಟಣದ ಸೆರೆಯಲ್ಲಿದ್ದ. ಸೆರೆಯಾಳುಗಳನ್ನು ಇಬ್ಬಿಬ್ಬರನ್ನಾಗಿ ಕೋಳ ಹಾಕುತ್ತಾರೆಂಬ ಸುದ್ದಿ ಸ್ಕಾಟ್ಲೆಂಡಿನ ಮನೆಗೆ ಮುಟ್ಟಿತಂತೆ. ತಾಯಿ ಅಳಲಿಲ್ಲವಂತೆ. ತನ್ನ ಮಗನ ಜೊತೆ ಕೋಳಕ್ಕೆ ಸಿಕ್ಕಿದವನ ಬಗ್ಗೆ ಮರುಗಿದಳಂತೆ! ಮಗ ಅಷ್ಟು ಸಿಡುಕ. 1799ರ ಮೇ 4ರಂದು ಅದೇ ಕೋಟೆಯೊಳಗೆ ನುಗ್ಗಿದ ಪಡೆಯ ಮುಂದಾಳು ಅವನೇ. ಅವನಿಗೆ ಕೊಟ್ಟ ಟಿಪ್ಪುವಿನ ಶಯ್ಯಾಗೃಹದ ಖಡ್ಗ 2023ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಹರಾಜಾಯಿತು. ಎಷ್ಟಕ್ಕೆ? ಸುಮಾರು 1.4 ಕೋಟಿ ಪೌಂಡಿಗೆ! ನನ್ನ ಚಮಚ ನೆನೆದು ಹೊಟ್ಟೆ ಉರಿಯಿತು.

ಶಿವಮೊಗ್ಗದ ಗಿಡಗಳು ಎಡಿನ್‌ಬರೋದಲ್ಲಿವೆ ಎಂದರೆ ನಂಬುತ್ತೀರಾ? ಹ್ಯೂ ಕ್ಲೆಗಾರ್ನ್ ಎಂಬ ವೈದ್ಯ 1840ರ ದಶಕದಲ್ಲಿ ಶಿವಮೊಗ್ಗದಲ್ಲಿದ್ದ. ದಿನಕ್ಕೊಂದು ಗಿಡ ತಿಳಿದುಕೊಳ್ಳುವುದೆಂದು ಶಪಥ ಮಾಡಿ, ಇಲ್ಲಿನ ಚಿತ್ರಗಾರನೊಬ್ಬನನ್ನು ಇಟ್ಟುಕೊಂಡು ಗಿಡಗಳ ಚಿತ್ರ ಬರೆಸಿದ. ಆ ಮಲೆನಾಡ ಚಿತ್ರಗಳು ಈಗ ಎಡಿನ್‌ಬರೋದ ಸಸ್ಯತೋಟದ ಸಂಗ್ರಹದಲ್ಲಿವೆ!

ಅವನ ಅಜ್ಜನ ಕಥೆ ಇನ್ನೂ ರಂಜನೆ. ಅಜ್ಜನ ಹೆಸರೂ ಹ್ಯೂ ಕ್ಲೆಗಾರ್ನ್. ಸ್ಕಾಟ್ ಪದ್ಧತಿ ನೆನಪಿದೆಯಲ್ಲ? ಈ ಅಜ್ಜ ಪ್ರೊಫೆಸರು. 1795ರಲ್ಲಿ ಡಚ್ಚರ ಕಡೆಗಿದ್ದ ಸ್ವಿಸ್ ಬಾಡಿಗೆ ಪಡೆಯೊಂದನ್ನು ಬ್ರಿಟಿಷರ ಕಡೆಗೆ ತಿರುಗಿಸಿದ. ಸಿಲೋನಿನಲ್ಲಿದ್ದ ಆ ಪಡೆಗೆ ಗುಟ್ಟಿನ ಚೀಟಿ ಕಳಿಸಿದ್ದು ಹೇಗೆ ಗೊತ್ತೇ? ಚೀಸಿನ ಉಂಡೆಯೊಳಗೆ ಹುದುಗಿಸಿ ಅನ್ನುತ್ತಾರೆ! ದ ಮೆರನ್ ಎಂಬ ಅದೇ ಪಡೆ ಮುಂದೆ ಶ್ರೀರಂಗಪಟ್ಟಣಕ್ಕೆ ಬಂತು. ಅವರಲ್ಲಿ ಹಲವರ ಸಮಾಧಿಗಳು ಅಲ್ಲಿನ ಗ್ಯಾರಿಸನ್ ಸ್ಮಶಾನದಲ್ಲಿವೆ. ಅಜ್ಜನ ಚೀಸು ಎಲ್ಲಿಗೆ ಬಂತು ನೋಡಿ!

ಕಾಲಿನ್ ಮೆಕೆಂಜಿ ಗೊತ್ತಲ್ಲ, ಊರೂರಿನ ಕೈಫಿಯತ್ತು ಬರೆಸಿದವನು, ಭಾರತದ ಮೊದಲ ಸರ್ವೇಯರ್ ಜನರಲ್? ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದವನು. ಹಿಂದೂ ಗಣಿತದ ಬಗ್ಗೆ ಅವನಿಗೆ ಆಸಕ್ತಿ ಹುಟ್ಟಿದ್ದು ಲಾಗರಿದಮ್ ಕಂಡುಹಿಡಿದ ನೇಪಿಯರನ ಜೀವನಚರಿತ್ರೆಗೆ ಮಾಹಿತಿ ಕೂಡಿಸುವಾಗ! 1816ರಲ್ಲಿ ಬರೆಸಿಕೊಂಡ ಚಿತ್ರದಲ್ಲಿ ಅವನು ಒಬ್ಬನೇ ನಿಂತಿಲ್ಲ. ಪಕ್ಕದಲ್ಲಿ ಅವನ ಪಂಡಿತರಿದ್ದಾರೆ. ಅವರಲ್ಲೊಬ್ಬರು ನಮ್ಮ ಚಾಮರಾಜನಗರ ಸೀಮೆಯ ಮಲೆಯೂರಿನ ಜೈನ ಪಂಡಿತ ಧರ್ಮಯ್ಯ!

ಕಾಗದಪತ್ರಕ್ಕೆ ಬರೋಣ. ಬೆಂಗಳೂರು ದಂಡಿನಲ್ಲಿ ಮಗುವಿಗೆ ನಾಮಕರಣ ಆಯಿತೆನ್ನಿ. ಪಾದ್ರಿ ರಿಜಿಸ್ಟರಿನಲ್ಲಿ ಬರೆಯುತ್ತಿದ್ದರು. ಅದರ ನಕಲು ಮದ್ರಾಸಿಗೆ, ಅಲ್ಲಿಂದ ಹಡಗಿನಲ್ಲಿ ಲಂಡನ್ನಿಗೆ! ಮದುವೆ, ಸಾವಿನದೂ ಹಾಗೆಯೇ. ಇಲ್ಲಿನ ಪುಸ್ತಕವನ್ನು ಗೆದ್ದಲು ತಿಂದರೂ ಅಲ್ಲಿನ ನಕಲು ಬ್ರಿಟಿಷ್ ಲೈಬ್ರರಿಯಲ್ಲಿ ಭದ್ರ. ವೈಟ್‌ಫೀಲ್ಡ್‌ನ ಅಜ್ಜನನ್ನು ಹುಡುಕಲು ಲಂಡನ್ನಿನ ದಾಖಲೆ ನೋಡಬೇಕು!

ಬೆಂಗಳೂರಲ್ಲಿ ಸ್ಕಾಟರದೇ ಚರ್ಚು ಎಲ್ಲಿದೆ ಗೊತ್ತೇ? ಕಬ್ಬನ್ ರಸ್ತೆಯಲ್ಲಿ, ಸೇಂಟ್ ಆಂಡ್ರೂಸ್. ಅಡಿಗಲ್ಲು 1864, ಬಾಗಿಲು ತೆರೆದದ್ದು 1866. ಹಳಬರು ಇದನ್ನು ಕರ್ಕ್ ಎನ್ನುತ್ತಾರೆ. ಚರ್ಚಿಗೆ ಸ್ಕಾಟರ ಮಾತು ಅದು. ಮುತ್ತಜ್ಜಿ ಚರ್ಚಿಗೆ ಹೋದೆ ಎನ್ನದೆ ಕರ್ಕ್‌ಗೆ ಹೋದೆ ಎನ್ನುತ್ತಿದ್ದರೆ, ಆ ಒಂದು ಪದವೇ ಸುಳಿವು!

ಸ್ಕಾಟ್ಲೆಂಡಿನಲ್ಲಿ ಸರ್ಕಾರಿ ಜನನ ಮರಣ ನೋಂದಣಿ ಶುರುವಾದದ್ದು 1855ರ ಜನವರಿ 1ಕ್ಕೆ. ಆ ಮೊದಲ ವರ್ಷ ಎಷ್ಟು ಪ್ರಶ್ನೆ ಕೇಳಿದರೆಂದರೆ, ಗುಮಾಸ್ತರಿಗೆ ಬರೆದು ಸಾಕಾಗಿ ಮರುವರ್ಷ ಅಂಕಣಗಳನ್ನೇ ಕಡಿಮೆ ಮಾಡಿದರು! ಅಜ್ಜನ ಮನೆಯಲ್ಲಿ ಯಾರಾದರೂ ಸರಿಯಾಗಿ 1855ರಲ್ಲಿ ಹುಟ್ಟಿದ್ದರೆ ನಿಮಗೆ ಲಾಟರಿ.

ಇನ್ನೊಂದು. ಇಂಗ್ಲೆಂಡಿನಲ್ಲಿ ಮದುವೆಯಾದ ಹೆಂಗಸಿನ ತವರಿನ ಹೆಸರು ಮಾಯವಾಗುತ್ತಿತ್ತು. ಸ್ಕಾಟ್ಲೆಂಡಿನ ಕಾಗದಗಳಲ್ಲಿ, ಸಮಾಧಿಕಲ್ಲಿನ ಮೇಲೆ ತವರಿನ ಹೆಸರೇ ಉಳಿಯುತ್ತಿತ್ತು! ಹಾಗಾಗಿ ಅಲ್ಲಿನ ಅಜ್ಜಿಯರನ್ನು ಹುಡುಕುವುದು ಸಲೀಸು.

ಇಲ್ಲಿನ ಅಜ್ಜಿ? ಅಲ್ಲೇ ಕಥೆ ನಿಲ್ಲುತ್ತದೆ! ಕಂಪನಿಯ ಕಾಲದ ಎಷ್ಟೋ ನಾಮಕರಣದ ಸಾಲುಗಳಲ್ಲಿ ಅಪ್ಪನ ಹೆಸರು, ಪಡೆಯ ಹೆಸರು, ಹುದ್ದೆ ಎಲ್ಲ ಇದೆ. ತಾಯಿಯ ಜಾಗ ಖಾಲಿ. ಯಾಕೆಂದರೆ ಆಕೆ ಈ ನೆಲದವಳು. ತಮಿಳೋ, ತೆಲುಗೋ, ಕನ್ನಡವೋ ಆಡುತ್ತಿದ್ದವಳು. ಎಂಟು ಸಾವಿರ ಕಿಲೋಮೀಟರಿಗೂ ಆಚೆಯ ಅಜ್ಜ ಊರು ಸಮೇತ ಸಿಗುತ್ತಾನೆ, ಪಕ್ಕದ ಬೀದಿಯ ಅಜ್ಜಿ ಸಿಗುವುದಿಲ್ಲ! ಕೆಲವೊಮ್ಮೆ ಸಾಯುವಾಗ ಬರೆದ ವಿಲ್‌ನಲ್ಲಿ ಸಿಗುತ್ತಾಳೆ. ಆಕೆಗಿಷ್ಟು ದುಡ್ಡು, ಮಕ್ಕಳಿಗಿಷ್ಟು ಎಂದು ಬರೆಯುವಾಗ ಹೆಸರು ಬರೆಯದೆ ವಿಧಿಯಿಲ್ಲವಲ್ಲ!

ಸಂವಿಧಾನವೂ ಅಪ್ಪನ ಕಡೆಯನ್ನೇ ಕೇಳುತ್ತದೆ. 366(2)ನೇ ವಿಧಿಯ ಪ್ರಕಾರ ಆಂಗ್ಲೋ ಇಂಡಿಯನ್ ಆಗಲು ತಂದೆಯೋ ತಂದೆಯ ಸಾಲಿನ ಹಿರಿಯನೋ ಯುರೋಪಿನ ಮೂಲದವನಾಗಿರಬೇಕು. ಅಂದಹಾಗೆ, ಹಳೇ ಕಾಗದದಲ್ಲಿ ‘ಆಂಗ್ಲೋ ಇಂಡಿಯನ್’ ಎಂದು ಓದಿ ಮೋಸಹೋಗಬೇಡಿ. ಹಿಂದೆ ಆ ಮಾತು ಇಲ್ಲಿ ನೆಲೆಸಿದ ಅಪ್ಪಟ ಬ್ರಿಟಿಷರಿಗೆ ಸಲ್ಲುತ್ತಿತ್ತು. ಮಿಶ್ರ ಮೂಲದವರಿಗೆ ಸರ್ಕಾರ ಆ ಹೆಸರು ಕೊಟ್ಟದ್ದು 1911ರ ಜನಗಣತಿಯ ಹೊತ್ತಿಗೆ!

ಈ ಹುಡುಕಾಟ ಬರೀ ಹವ್ಯಾಸ ಅಂದುಕೊಳ್ಳಬೇಡಿ. ಅಜ್ಜ ಅಜ್ಜಿಯರಲ್ಲಿ ಒಬ್ಬರು ಬ್ರಿಟನ್ನಿನಲ್ಲಿ ಹುಟ್ಟಿದ್ದರೆ ಕಾಮನ್‌ವೆಲ್ತ್ ದೇಶದವರು ಅದೇ ಆಧಾರದ ಮೇಲೆ ವೀಸಾ ಕೇಳಬಹುದು. ಹಳೇ ಬೈಬಲ್ಲಿನ ಒಂದು ಸಾಲು ಪಾಸ್‌ಪೋರ್ಟಿನ ದಾರಿ ತೋರಿಸೀತು!

ವಿಜ್ಞಾನ ಮಾತ್ರ ಅಜ್ಜಿಯ ಕೈಬಿಟ್ಟಿಲ್ಲ. ನಮ್ಮ ಜೀವಕೋಶದೊಳಗೆ ಮೈಟೋಕಾಂಡ್ರಿಯಾ ಎಂಬ ಪುಟ್ಟ ಅಂಗ ಇದೆ. ಅದರ ಡಿಎನ್‌ಎ ಬರುವುದು ತಾಯಿಯಿಂದ. ಆಕೆಗೆ ಆಕೆಯ ತಾಯಿಯಿಂದ. ಹೆಸರು ಅಪ್ಪಂದಿರ ಸಾಲಿನಲ್ಲಿ ಇಳಿದು ಬರುತ್ತದೆ, ಇದು ಅಮ್ಮಂದಿರ ಸಾಲಿನಲ್ಲಿ. ಅಮ್ಮನ ಅಮ್ಮನ ಅಮ್ಮ ಹೀಗೆ ಸಾಲು ತಪ್ಪದಿದ್ದರೆ, ಹೆಸರಿಲ್ಲದ ಆ ಅಜ್ಜಿಯ ಮೂಲದ ಸುಳಿವು ಉಗುಳಿನ ಪರೀಕ್ಷೆಯಲ್ಲಿ ಸಿಕ್ಕಿಬಿಡುತ್ತದೆ!

ಪರೀಕ್ಷೆಗೆ ದುಡ್ಡಿಲ್ಲವೇ? ಅಡುಗೆಮನೆಗೆ ಹೋಗಿ. ಆಂಗ್ಲೋ ಇಂಡಿಯನ್ ಮನೆಗಳಲ್ಲಿ ಕೈಬರಹದ ಅಡುಗೆ ಪುಸ್ತಕವೂ ಆಸ್ತಿಯೇ. ಕ್ರಿಸ್‌ಮಸ್ಸಿಗೆ ಕಲ್‌ಕಲ್, ಭಾನುವಾರ ತೆಂಗಿನಹಾಲಿನ ಹಳದಿ ಅನ್ನ, ಖೀಮಾ ಉಂಡೆಯ ಬಾಲ್ ಕರಿ, ಜೊತೆಗೆ ಕೆಂಪಗಿನ ಡೆವಿಲ್ ಚಟ್ನಿ. ಬಾಲ್ ಕರಿಗೆ ತೆಂಗಿನಕಾಯಿ ರುಬ್ಬಲು ಕಲಿಸಿದವರು ಸ್ಕಾಟ್ಲೆಂಡಿನವರಂತೂ ಅಲ್ಲ, ಅಲ್ಲಿ ತೆಂಗಿನಮರವೇ ಇಲ್ಲ! ದಿನವೂ ಅನ್ನಕ್ಕೆ ಕಲಸಿಕೊಳ್ಳಲು ಇನ್ನೊಂದಿದೆ, ಅವರು ಅದನ್ನು ಪೆಪ್ಪರ್ ವಾಟರ್ ಎನ್ನುತ್ತಾರೆ. ಹುಣಸೆ ಕಿವುಚಿ, ಕರಿಮೆಣಸು ಜೀರಿಗೆ ಕುಟ್ಟಿ ಹಾಕಿ, ಬೆಳ್ಳುಳ್ಳಿ, ಕರಿಬೇವಿನ ಒಗ್ಗರಣೆ ಕೊಟ್ಟು ಕುದಿಸುತ್ತಾರೆ.

ಹೆಸರು ಇಂಗ್ಲಿಷು. ಲೋಟಕ್ಕೆ ಬಗ್ಗಿಸಿಕೊಂಡು ಒಂದು ಗುಟುಕು ಕುಡಿದು ನೋಡಿ. ನಮ್ಮ ಮೆಣಸಿನ ಸಾರು ಕಣ್ರೀ!